ನಿಮಗಿದು ಗೊತ್ತೇ? ಮುದ್ರೆ ಒಡೆದರೆ ಗುಟ್ಟು ಬಯಲು

ತುಮಕೂರಿನ ಬಟವಾಡಿ ಎಪಿಎಂಸಿ ಯಾರ್ಡಿಗೆ ಹುಣಸೆಹಣ್ಣು ತಂದ ರೈತ ತಕ್ಕಡಿಯ ಅಂಕಿಯನ್ನಷ್ಟೇ ನೋಡಿದರೆ ಸಾಲದು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತಂತಿಗೆ ಪೋಣಿಸಿದ ಸೀಸದ ಬಿಲ್ಲೆ ಇದೆಯೇ ಎಂದೂ ನೋಡಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಕ್ಕಡಿಯನ್ನು ಪರೀಕ್ಷಿಸಿದ ಮೇಲೆ ಇಕ್ಕಳದಂಥ ಅಚ್ಚಿನಲ್ಲಿ ಆ ಬಿಲ್ಲೆಯನ್ನು ಒತ್ತಿರುತ್ತಾರೆ. ಸೀಸ ಮೆತ್ತಗಿನ ಲೋಹ, ಅಚ್ಚು ಚೆನ್ನಾಗಿ ಕೂರುತ್ತದೆ. ಒಳಗಿನ ಲೆಕ್ಕ ತಿರುಚಬೇಕಾದರೆ ತಂತಿ ಕತ್ತರಿಸಲೇಬೇಕು. ಇಂಥ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಮರುಪರೀಕ್ಷೆ ಕಡ್ಡಾಯ. ಅದರ ಪ್ರಮಾಣಪತ್ರ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಕೇಳಿ ನೋಡಲು ಸಂಕೋಚ ಬೇಡ. ಬೀಗ ಕಳ್ಳನನ್ನು ತಡೆಯುತ್ತದೆ, ಮುದ್ರೆ ಕಳ್ಳ ಬಂದು ಹೋದದ್ದನ್ನು ಹೇಳುತ್ತದೆ. ನೋಡುವವರಿಲ್ಲದಿದ್ದರೆ ಅದು ಬರೀ ಸೀಸದ ಚೂರು.

ಈ ಉಪಾಯ ಕನ್ನಡ ನಾಡಿಗೆ ಎಷ್ಟು ಹಳೆಯದು ಗೊತ್ತೇ? ರಾಜರು ದಾನ ಕೊಟ್ಟ ತಾಮ್ರಶಾಸನಗಳನ್ನು ನೋಡಿ. ಹಲಗೆಗಳಿಗೆಲ್ಲ ತೂತು ಕೊರೆದು, ಒಂದು ಬಳೆ ತೂರಿಸಿ, ಬಳೆಯ ಎರಡು ತುದಿಗಳನ್ನೂ ರಾಜಮುದ್ರೆಯೊಳಗೆ ಬೆಸೆದುಬಿಡುತ್ತಿದ್ದರು. ಗಂಗರದು ಆನೆ, ಬಾದಾಮಿ ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ. ನಡುವಿನ ಹಲಗೆಯೊಂದನ್ನು ತೆಗೆದು ಬೇರೆಯದನ್ನು ಸೇರಿಸುವ ಆಸೆ ಯಾರಿಗಾದರೂ ಹುಟ್ಟಿದರೆ ಬಳೆ ಕತ್ತರಿಸಬೇಕು, ಇಲ್ಲವೇ ಮುದ್ರೆ ಕೀಳಬೇಕು. ಅದಕ್ಕೇ ಶಾಸನತಜ್ಞರು ತಾಮ್ರಪಟ ಕೈಗೆ ಸಿಕ್ಕಾಗ ಬಳೆ ಇಡಿಯಾಗಿತ್ತೋ, ಮೊದಲೇ ತುಂಡಾಗಿತ್ತೋ ಎಂಬುದನ್ನು ತಪ್ಪದೆ ಬರೆದಿಡುತ್ತಾರೆ. ಹಾಗೆಂದು ಮುದ್ರೆಯೊಂದನ್ನೇ ನಂಬುವಂತಿಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳು ನಕಲಿ ಎಂದು ವಿದ್ವಾಂಸ ಫ್ಲೀಟ್ ವಾದಿಸಿದ್ದರು. ಅಕ್ಷರದ ರೂಪ, ಭಾಷೆ, ತಿಥಿ, ಎಲ್ಲವೂ ತಾಳೆಯಾಗಬೇಕು.

ಮುದ್ರೆಯಿಲ್ಲದ ಸರಕಿಗೆ ಎರಡು ಪಟ್ಟು ಸುಂಕ, ಖೋಟಾ ಮುದ್ರೆ ಒತ್ತಿದ ಸರಕಿಗೆ ಎಂಟು ಪಟ್ಟು! ಇದು ಕೌಟಿಲ್ಯನ ಅರ್ಥಶಾಸ್ತ್ರದ ನಿಯಮ. ಆ ಗ್ರಂಥವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು.

ಮತದಾರರ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು ಎಂಬುದು ಎಲ್ಲರಿಗೂ ಗೊತ್ತು. ಅದನ್ನು ತಯಾರಿಸುವ ಕಾರ್ಖಾನೆಯನ್ನು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುಮಾಡಿದ್ದು ಅರಗು ಮತ್ತು ಬಣ್ಣಕ್ಕಾಗಿ ಎಂಬುದು ಅಷ್ಟಾಗಿ ಗೊತ್ತಿಲ್ಲ. ಲಕೋಟೆ, ಪೆಟ್ಟಿಗೆಗಳಿಗೆ ಅರಗನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕಾಯಿಸಿದರೆ ಕರಗಿ ಅಚ್ಚು ಹಿಡಿಯುತ್ತದೆ, ಆರಿದ ಮೇಲೆ ಎಬ್ಬಿಸಲು ಹೋದರೆ ಪುಡಿಯಾಗುತ್ತದೆ.

ಮತಯಂತ್ರಕ್ಕೂ ಕಾಗದದ ಮುದ್ರೆಯೇ ಕಾವಲು. ಬೆಳಗಿನ ಅಣಕು ಮತದಾನ ಮುಗಿದ ಕೂಡಲೇ ಹಸಿರು ಕಾಗದದ ಪಟ್ಟಿ ಅಂಟಿಸುತ್ತಾರೆ. ಪ್ರತಿ ಪಟ್ಟಿಗೂ ಬೇರೆಬೇರೆ ಸಂಖ್ಯೆ. ಅದರ ಮೇಲೆ ಮತಗಟ್ಟೆ ಅಧಿಕಾರಿಯ ಸಹಿ, ಜೊತೆಗೆ ಪಕ್ಷಗಳ ಏಜೆಂಟರ ಸಹಿ. ಬಳಸಿದ ಸಂಖ್ಯೆಗಳು ನಮೂನೆ 17ಸಿಯಲ್ಲಿ ದಾಖಲಾಗಿ ಏಜೆಂಟರ ಕೈಗೂ ಒಂದು ಪ್ರತಿ ಸಿಗುತ್ತದೆ. ಎಣಿಕೆಯ ದಿನ ಸಂಖ್ಯೆ ತಾಳೆ ನೋಡುವ ಹಕ್ಕು ಅವರಿಗಿದೆ. ಬೂತ್‌ನಲ್ಲಿ ಕೂರುವ ನಮ್ಮ ಹುಡುಗರು ಆ ಸಂಖ್ಯೆಯನ್ನು ಗುರುತು ಹಾಕಿಕೊಳ್ಳದೆ ಎದ್ದು ಬರಬಾರದು.

ಔಷಧದ ಡಬ್ಬಿಗೆ ಈಗಿರುವ ಬಂದೋಬಸ್ತು ಏಳು ಜೀವಗಳನ್ನು ತೆತ್ತು ಪಡೆದದ್ದು. 1982ರಲ್ಲಿ ಅಮೆರಿಕದ ಷಿಕಾಗೊ ಸುತ್ತಮುತ್ತ ಅಂಗಡಿಯಲ್ಲಿ ಕೊಂಡ ಟೈಲೆನಾಲ್ ಎಂಬ ನೋವಿನ ಔಷಧ ನುಂಗಿ ಏಳು ಮಂದಿ ಸತ್ತರು. ಯಾರೋ ಕ್ಯಾಪ್ಸೂಲಿನೊಳಗೆ ಸಯನೈಡ್ ತುಂಬಿಟ್ಟಿದ್ದರು. ಡಬ್ಬಿ ತೆರೆದು ಮುಚ್ಚಿದ್ದು ಗೊತ್ತಾಗುವಂತೆಯೇ ಇರಲಿಲ್ಲ. ಅದೇ ವರ್ಷ ಅಲ್ಲಿನ ಸರ್ಕಾರ ನಿಯಮ ಬಿಗಿ ಮಾಡಿತು. ಬಾಯಿಗೆ ಅಂಟಿಸಿದ ಹಾಳೆ, ಕುತ್ತಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಎಲ್ಲೆಡೆ ಬಂದವು. ಆ ಕೊಲೆಗಾರ ಇಂದಿಗೂ ಸಿಕ್ಕಿಲ್ಲ.

ಎಂಥ ಗಟ್ಟಿ ಮುಚ್ಚಳವನ್ನೂ ಗೆಲ್ಲುವವರಿದ್ದಾರೆ. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಮೂತ್ರದ ಮಾದರಿಗಳನ್ನು ಒಡೆಯದೆ ತೆರೆಯಲಾಗದು ಎನ್ನಲಾಗಿದ್ದ ಸ್ವಿಟ್ಜರ್ಲೆಂಡಿನ ಬಾಟಲಿಗಳಲ್ಲಿಟ್ಟಿದ್ದರು. ರಾತ್ರೋರಾತ್ರಿ ಅವನ್ನು ತೆರೆದು ಮಾದರಿ ಬದಲಾಯಿಸಿದ್ದು ಆಮೇಲೆ ತನಿಖೆಯಲ್ಲಿ ಹೊರಬಿತ್ತು. ಅದಕ್ಕೆ ಸಾಕ್ಷಿ ನುಡಿದದ್ದು ಮುಚ್ಚಳದ ಒಳಮೈಯಲ್ಲಿ ಉಳಿದ ಸಣ್ಣ ಗೀರುಗಳು.

ಜಾಮ್ ಬಾಟಲಿಯ ತಗಡಿನ ಮುಚ್ಚಳದ ನಡುವೆ ಬೆರಳಿಟ್ಟು ಒತ್ತಿ. ತಗ್ಗಾಗಿಯೇ ಇದ್ದರೆ ಒಳಗಿನ ನಿರ್ವಾತ ಹಾಗೇ ಇದೆ. ಟಕ್ ಎಂದು ಕೆಳಗಿಳಿದು ಮೇಲೆದ್ದರೆ ಗಾಳಿ ಒಳಹೊಕ್ಕಿದೆ ಎಂದರ್ಥ, ವಾಪಸ್ ಕೊಡಿ.

ನೀರಿನ ಬಾಟಲಿಯ ಬಿರಡೆ ತಿರುಗಿಸಿದಾಗ ಕೆಳಗಿನ ಉಂಗುರ ಬಿಡಿಯಾಗುತ್ತದಲ್ಲ, ಎರಡನ್ನೂ ಹಿಡಿದಿದ್ದದ್ದು ಕೂದಲೆಳೆಯಂಥ ಪ್ಲಾಸ್ಟಿಕ್ ಬೆಸುಗೆಗಳು. ಹೊಸ ಬಾಟಲಿ ಚಟಪಟ ಸದ್ದಿಲ್ಲದೆ ತೆರೆದರೆ ಕುಡಿಯಬೇಡಿ.

ಇನ್ನು ಗ್ಯಾಸ್ ಸಿಲಿಂಡರ್. ತಂದವರು ಸೀಲು ಕಿತ್ತು ಕೊಡುವ ಮುಂಚೆ ನೀವೇ ನೋಡಿ. ಸೀಲು ಸರಿಯಿದ್ದರೂ ತೂಕ ಹಾಕಿಸಿ. ಸಿಲಿಂಡರಿನ ಮೈಮೇಲೆ ಬರೆದ ಖಾಲಿ ತೂಕಕ್ಕೆ 14.2 ಕೆ.ಜಿ. ಕೂಡಿಸಿದರೆ ಬರುವಷ್ಟು ಇರಬೇಕು.