ಯಂತ್ರದ ಪಿಸುಮಾತು

ಗೂಗಲ್ ಶೋಧಯಂತ್ರದಲ್ಲಿ ಒಬ್ಬರ ಹೆಸರನ್ನು ಬರೆಯತೊಡಗಿದೊಡನೆ ಮುಂದಿನ ಪದಗಳನ್ನು ಯಂತ್ರವೇ ಸೂಚಿಸುವುದಷ್ಟೆ. ಹಲವರು ಹುಡುಕಿದುದನ್ನು ಅದು ಮುಂದಿಡುವುದಲ್ಲದೆ ಸತ್ಯಾಸತ್ಯವನ್ನು ವಿಚಾರಿಸದು.

ಜರ್ಮನಿಯ ಉದ್ಯಮಿಯೊಬ್ಬನ ಹೆಸರಿನೊಡನೆ ಹೀಗೆ ‘ವಂಚನೆ’ ಎಂಬ ಪದವು ತೋರಿತು. ಆತನು ಮೊರೆಯಿಡಲು, ಕಾರ್ಲ್ಸ್‌ರೂಹೆ ನಗರದ ಉಚ್ಚತಮ ನ್ಯಾಯಸ್ಥಾನವು 2013ರಲ್ಲಿ ತೀರ್ಪಿತ್ತಿತು: ಪ್ರತಿಯೊಂದು ಸೂಚನೆಯನ್ನೂ ಮೊದಲೇ ಪರೀಕ್ಷಿಸಬೇಕಾದುದಿಲ್ಲ, ಮಾನಹಾನಿಯು ತಿಳಿದುಬಂದ ಬಳಿಕ ತೆಗೆಯತಕ್ಕದ್ದು.

ಈ ಮಧ್ಯಮಮಾರ್ಗವೇ ನಮಗೆ ಸಮ್ಮತ. ಸೂಚನೆಯನ್ನು ಅಳಿಸಿದರೆ ಜ್ಞಾನದ ಬಾಗಿಲು ಮುಚ್ಚದು. ಬೇಕಾದವನು ಪೂರ್ಣವಾಗಿ ಬರೆದು ಹುಡುಕಬಹುದು. ಕೇಳದವನ ಕಿವಿಯಲ್ಲಿ ಚಾಡಿ ಹೇಳುವುದು ಮನುಷ್ಯನಿಗೆ ದೋಷವಾದರೆ ಯಂತ್ರದ ಒಡೆಯನಿಗೂ ದೋಷವೇ. ಆದರೆ ಪ್ರಬಲರ ಮಾತಿಗೆ ಮಣಿದು ಅಪ್ರಿಯ ಸತ್ಯವನ್ನು ಅಳಿಸುವುದು ಅದಕ್ಕಿಂತಲೂ ಹಿರಿಯ ದೋಷ. ಸೂಚನೆಯು ಸಾಕ್ಷ್ಯವಲ್ಲವೆಂಬುದನ್ನು ಗೃಹಸ್ಥರು ಮಕ್ಕಳಿಗೆ ಈಗಲೇ ತಿಳಿಸಲಿ.