ಯಕೃತ್ತಿನ ಚೂರು ಹೇಳುವುದೆಷ್ಟು?

ಯರಗುಪ್ಪಿಯಂಥ ಊರುಗಳಿಂದ ಹುಬ್ಬಳ್ಳಿಗೆ ಹೋಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದವರ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂಬ ಮಾತು ಈಗ ಅಪರೂಪವಲ್ಲ. ಮದ್ಯ ಮುಟ್ಟದ ಸದ್ಭಕ್ತರಿಗೂ ಇದು ಬರುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆಗಳೇ ಬಹುಮಟ್ಟಿಗೆ ಕಾರಣವಾದ್ದರಿಂದ ಅಪವಾದಕ್ಕೆ ಅಂಜಿ ವರದಿಯನ್ನು ಮುಚ್ಚಿಡಬೇಕಾಗಿಲ್ಲ.

‘ಸೂಜಿಯಿಂದ ಚೂರು ತೆಗೆದು ನೋಡಿದರೆ ಸಂಶಯವೇ ಉಳಿಯದಲ್ಲವೇ?’ ಎಂದು ಕೇಳುವವರುಂಟು. ಉರಿಯೂತವನ್ನೂ ನಾರುಗಟ್ಟುವಿಕೆಯನ್ನೂ ಕಣ್ಣಾರೆ ತೋರಿಸುವ ಪರೀಕ್ಷೆ ಬಯಾಪ್ಸಿಯೇ ಹೌದು. ಆದರೆ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತಿನಲ್ಲಿ ಸೂಜಿಗೆ ದೊರೆಯುವುದು ಅಂದಾಜು 50,000ದಲ್ಲಿ ಒಂದು ಪಾಲು. ರೋಗವೋ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಎರೆಹೊಲದ ಒಂದು ಮೂಲೆಯ ಹಿಡಿ ಮಣ್ಣು ಇಡೀ ಹೊಲದ ಹದವನ್ನು ಹೇಳೀತೇ? ಫ್ರಾನ್ಸಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 51 ರೋಗಿಗಳಿಂದ ತಲಾ ಎರಡು ಚೂರು ತೆಗೆಯಲಾಯಿತು. ಕೊಬ್ಬಿನ ಪ್ರಮಾಣ ಬಹುತೇಕ ತಾಳೆಯಾಯಿತು. ನಾರುಗಟ್ಟುವಿಕೆಯ ಹಂತ ಮಾತ್ರ ಶೇ. 41 ರೋಗಿಗಳಲ್ಲಿ ತಾಳೆಯಾಗಲಿಲ್ಲ.

ಆದ್ದರಿಂದಲೇ ವೈದ್ಯರು ಮೊದಲು ವಯಸ್ಸು, ಪ್ಲೇಟ್‌ಲೆಟ್ ಹಾಗೂ ಲಿವರ್ ಕಿಣ್ವಗಳಿಂದ ಲೆಕ್ಕ ಹಾಕುವ ಫಿಬ್-4 ಅಂಕವನ್ನೂ, ಬೇಕಾದರೆ ಫೈಬ್ರೋಸ್ಕ್ಯಾನನ್ನೂ ನೋಡುತ್ತಾರೆ. ಇವು ಒಂದಕ್ಕೊಂದು ಹೊಂದದಿದ್ದಾಗ, ಅಥವಾ ಬೇರೆ ಯಕೃತ್ ರೋಗದ ಶಂಕೆಯಿದ್ದಾಗ ಬಯಾಪ್ಸಿ ಬೇಕಾಗಬಹುದು. ಆಗ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ರಕ್ತಸ್ರಾವದ ಅಪಾಯ ಅಲ್ಪವಾದರೂ ಇಲ್ಲವೆನ್ನುವಂತಿಲ್ಲ.