ಕೊತ್ತಂಬರಿ ಸೊಪ್ಪು ತರಲು ಯಾರು ಹೋಗಬೇಕು?

“ನಾವು ಎರಡು ಮೈಲಿ ನಡೆದು ಸ್ಕೂಲಿಗೆ ಹೋಗ್ತಿದ್ವಿ. ಈಗಿನವು ಬೀದಿ ತುದಿಯ ಅಂಗಡಿಗೂ ಹೋಗಲ್ಲ.” ಮನೆಗೆ ಬಂದ ಹಿರಿಯರು ಕಾಫಿ ಲೋಟ ಕೆಳಗಿಡುವುದರೊಳಗೆ ಈ ಮಾತು ಬಂದೇ ಬರುತ್ತದೆ. ದೂರು ಮಕ್ಕಳ ಮೇಲೆ, ಇಲ್ಲವೇ ಅವರನ್ನು ಅಂಗೈಯಲ್ಲಿಟ್ಟು ಸಾಕುವ ಅಪ್ಪ-ಅಮ್ಮನ ಮೇಲೆ. ಬೀದಿಯನ್ನು ಮಾತ್ರ ಯಾರೂ ಬೈಯುವುದಿಲ್ಲ.

ತಪ್ಪು ಕಲ್ಪನೆ: ಈಗಿನ ಹೆತ್ತವರಿಗೆ ಭಯ ಜಾಸ್ತಿ, ಅಷ್ಟೇ.

ಸತ್ಯ: ಇಂಗ್ಲೆಂಡಿನಲ್ಲಿ 1971ರಲ್ಲಿ ಏಳು-ಎಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು ಶೇ. 9ಕ್ಕೆ ಇಳಿಯಿತು. ಇದನ್ನು ಎಣಿಸಿದ್ದು ಸಂಶೋಧಕ ಮೇಯರ್ ಹಿಲ್ಮನ್ ಮತ್ತು ಸಂಗಡಿಗರು. ಕಾರಣ ಕೇಳಿದಾಗ ಹೆತ್ತವರು ಮೊದಲು ಹೇಳಿದ್ದು ವಾಹನಗಳನ್ನು. ಅಪರಿಚಿತರ ಭಯ ಆಮೇಲಿನದು. ಅದೇ ಅವಧಿಯಲ್ಲಿ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿದಿತ್ತು. ರಸ್ತೆಗಳು ಸುರಕ್ಷಿತವಾದವು ಎಂದು ಅದನ್ನು ಓದಿಕೊಳ್ಳುವುದು ಸುಲಭ. ಹಿಲ್ಮನ್ ಬೇರೆ ಲೆಕ್ಕ ಹಾಕಿದರು: ಮಕ್ಕಳನ್ನೇ ರಸ್ತೆಯಿಂದ ಒಳಗೆ ಎಳೆದುಕೊಂಡಿದ್ದೇವೆ, ಮತ್ತೆ ಸಾಯುವವರು ಯಾರು? ಅವರ ವರದಿಯ ಹೆಸರು ಬಂದದ್ದು ಸರ್ಕಾರದ ಒಂದು ಭಿತ್ತಿಪತ್ರದಿಂದ. ಹೆಜ್ಜೆ ತಪ್ಪಿದರೆ ಸತ್ತೆ ಎಂದು ಅದು ಎಚ್ಚರಿಸಿದ್ದು ಮಗುವನ್ನು, ಕಾರು ಓಡಿಸುವವನನ್ನಲ್ಲ.

ತಪ್ಪು ಕಲ್ಪನೆ: ರಸ್ತೆ ಅಗಲ ಮಾಡಿದರೆ ಎಲ್ಲರಿಗೂ ಕ್ಷೇಮ.

ಸತ್ಯ: ಅಗಲವಾದ ನೇರ ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಬ್ರಿಟನ್ನಿನ ಚಾಲಕರ ಕೈಪಿಡಿಯ ಪ್ರಕಾರ ಗಂಟೆಗೆ 32 ಕಿ.ಮೀ. ವೇಗದ ಕಾರು ನಿಲ್ಲಲು 12 ಮೀಟರ್ ಬೇಕು, 48 ಕಿ.ಮೀ. ವೇಗದ್ದಕ್ಕೆ 23 ಮೀಟರ್. ವೇಗ ಒಂದೂವರೆ ಪಟ್ಟು, ದೂರ ಹೆಚ್ಚುಕಡಿಮೆ ಇಮ್ಮಡಿ. ಅತ್ತ ದಾಟುವ ದೂರವೂ ಬೆಳೆದಿರುತ್ತದೆ, ಮಗುವಿನ ಕಾಲು ಮಾತ್ರ ಅಷ್ಟೇ ಉದ್ದ. ಅಗಲೀಕರಣಕ್ಕೆ ಮೊದಲು ಬಲಿಯಾಗುವುದು ಫುಟ್‌ಪಾತ್ ಮತ್ತು ಮರ. ಉಳಿದ ತುಂಡು ಫುಟ್‌ಪಾತನ್ನು ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು, ಕಾರು ಒಳಗೆ ತರಲು ಕಟ್ಟಿದ ಇಳಿಜಾರು ಹಂಚಿಕೊಂಡಿರುತ್ತವೆ. ಕೊತ್ತಂಬರಿ ಸೊಪ್ಪಿಗೆ ಹೊರಟ ಹುಡುಗ ಹತ್ತು ಹೆಜ್ಜೆಗೊಮ್ಮೆ ರಸ್ತೆಗೆ ಇಳಿಯಲೇಬೇಕು.

ತಪ್ಪು ಕಲ್ಪನೆ: ಗೇಟೆಡ್ ಕಮ್ಯುನಿಟಿಯೇ ಮಕ್ಕಳ ಸ್ವರ್ಗ.

ಸತ್ಯ: ಒಳಗೆ ಸೈಕಲ್ ಹೊಡೆಯಬಹುದು, ಒಪ್ಪಿದೆ. ಆದರೆ ಶಾಲೆ, ಗ್ರಂಥಾಲಯ, ಗೆಳೆಯನ ಮನೆ ಇರುವುದು ಗೇಟಿನ ಹೊರಗೆ. ಕಾಂಪೌಂಡಿನ ಹಿಂಬದಿಗೇ ಇರುವ ಶಾಲೆಗೂ ಮುಂಬಾಗಿಲಿನಿಂದ ಸುತ್ತಿ ಹೋಗಬೇಕು. ಆ ಸುತ್ತಿನುದ್ದಕ್ಕೂ ಒಂದು ಕಿಟಕಿಯಿಲ್ಲದ ಗೋಡೆ. ಮಗು ಎಡವಿ ಬಿದ್ದರೂ ನೋಡುವವರಿಲ್ಲ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳನ್ನು ನೋಡಿ: ಚಿಕ್ಕ ಚಿಕ್ಕ ಕ್ರಾಸುಗಳು, ಬೀದಿಗೆ ಮುಖ ಮಾಡಿದ ಮನೆಗಳು, ಒಂದು ದಾರಿ ಬೇಡವೆಂದರೆ ಇನ್ನೊಂದು. ಜಗಲಿಯ ಮೇಲೆ ಕೂತ ಅಜ್ಜಿಯೇ ಸಿಸಿಟಿವಿ. ಅಲ್ಲೂ ಈಗ ಕ್ರಾಸುಗಳ ಇಬ್ಬದಿ ಕಾರುಗಳ ಸಾಲು ನಿಂತಿದೆ ಎನ್ನುವುದು ಬೇರೆ ಮಾತು.

ತಪ್ಪು ಕಲ್ಪನೆ: ಬೀದಿಯನ್ನು ಮಕ್ಕಳಿಗೆ ಬಿಟ್ಟುಕೊಡುವುದು ಹಾಲೆಂಡಿನವರ ಸಂಸ್ಕೃತಿ, ನಮಗೆ ಆಗದು.

ಸತ್ಯ: 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು ಮಕ್ಕಳ ಕೊಲೆ ನಿಲ್ಲಿಸಿ ಎಂದು ಬರೆದರು. ಆ ತಲೆಬರಹವೇ ಚಳವಳಿಯ ಹೆಸರಾಯಿತು, ಹೆತ್ತವರು ಬೀದಿಗಿಳಿದು ರಸ್ತೆ ತಡೆದರು. ಡೆಲ್ಫ್ಟ್ ನಗರದಲ್ಲಿ ಆಗಲೇ ಕೆಲವು ಬೀದಿಗಳಿಗೆ ಗಿಡದ ತೊಟ್ಟಿ, ಬೆಂಚು, ಬೇಕೆಂದೇ ಇಟ್ಟ ತಿರುವುಗಳು ಬಂದಿದ್ದವು. 1976ರಲ್ಲಿ ಅವಕ್ಕೆ ಕಾನೂನಿನ ಬಲ ಸಿಕ್ಕಿತು: ಕಾರು ಬರಬಹುದು, ಆದರೆ ನಡಿಗೆಯ ವೇಗದಲ್ಲಿ, ಮಕ್ಕಳು ರಸ್ತೆಯ ಪೂರ್ತಿ ಅಗಲದಲ್ಲಿ ಆಡಬಹುದು. ಬೀದಿಯ ಬಾಯಲ್ಲಿ ನಿಂತ ನೀಲಿ ಫಲಕದಲ್ಲಿ ಒಂದು ಮನೆ, ಒಂದು ಕಾರು, ಚೆಂಡಾಡುವ ಒಂದು ಮಗು ಇವೆ.